ದಿನಕ್ಕೆ ಮೂರು ಕಂತು, ಇಪ್ಪತ್ತು ಪದ್ಯ

ಪಿಯುಸಿ ಪರೀಕ್ಷೆ ಮುಗಿದಿತ್ತು. ಮೇ ತಿಂಗಳು ಪೂರ್ತಿ ಖಾಲಿ. ಗದಗಿನ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗೇ ಇರಲಿಲ್ಲ.

ಅಜ್ಜಿಗೆ ಬಿ.ಆರ್. ಚೋಪ್ರಾ ಅವರ ಮಹಾಭಾರತವನ್ನು ಮತ್ತೊಮ್ಮೆ ನೋಡುವ ಆಸೆ. 1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ಧಾರಾವಾಹಿ ಅದು. ಆಗ ಬೆಟಗೇರಿಯ ನಮ್ಮ ಓಣಿಗೆಲ್ಲ ಒಂದೇ ಟಿವಿ ಇತ್ತಂತೆ. ಅಜ್ಜಿ ಆ ಮನೆಯ ಕಿಟಕಿ ಹೊರಗೆ ನಿಂತು ನೋಡಿದ್ದಳಂತೆ. ಹಿಂದಿ ಒಂದಕ್ಷರ ಬರದಿದ್ದರೂ ಎಲ್ಲಾ ತಿಳಿಯುತ್ತಿತ್ತು ಅನ್ನುತ್ತಾಳೆ. ಒಟ್ಟು 94 ಕಂತು. ದಿನಕ್ಕೆ ಮೂರು ನೋಡಿದರೆ ಮೇ 31ಕ್ಕೆ 93, ಕೊನೇ ದಿನ ಒಂದು ಜಾಸ್ತಿ. ಲೆಕ್ಕ ಸರಿಹೋಯಿತು.

ನನ್ನ ಆಸೆ ಬೇರೆ ಇತ್ತು. ಗದಗಿನಲ್ಲೇ ಹುಟ್ಟಿ ಬೆಳೆದ ನಾನು ಕುಮಾರವ್ಯಾಸನನ್ನು ಓದಿದ್ದು ಹತ್ತನೇ ಕ್ಲಾಸಿನ ಪಾಠದಲ್ಲಿ ಮಾತ್ರ. ಅದೂ ಅಂಕಕ್ಕೆ. ಈ ಸಲ ಅವನ ಭಾರತವನ್ನು ಕೈಯಲ್ಲಿ ಹಿಡಿಯಬೇಕು ಅಂತ ಲೈಬ್ರರಿಯಿಂದ ತಂದೆ. ಎಂಟು ಸಾವಿರಕ್ಕೂ ಹೆಚ್ಚು ಪದ್ಯ. ಒಂದು ತಿಂಗಳಲ್ಲಿ ಪೂರ್ತಿ ಓದುವ ಮಾತೇ ಇಲ್ಲ. ಆ ದಿನ ಟಿವಿಯಲ್ಲಿ ಯಾವ ಭಾಗ ಬರುತ್ತದೋ ಅದರದ್ದೇ ಇಪ್ಪತ್ತು ಪದ್ಯ ಆರಿಸಿಕೊಳ್ಳೋಣ ಅಂದುಕೊಂಡೆ.

ಮೊದಲ ವಾರ ಕೆಟ್ಟಿತು. ಟಿವಿ ನೋಡಿ ಆಮೇಲೆ ಓದಲು ಕೂರುತ್ತಿದ್ದೆ. ಕಥೆ ಆಗಲೇ ಗೊತ್ತಾಗಿರುತ್ತಿತ್ತು, ಹಳೆಯ ಮಾತುಗಳು ಭಾರ ಅನಿಸುತ್ತಿದ್ದವು, ಐದು ಪದ್ಯಕ್ಕೇ ನಿದ್ದೆ. ಎಂಟನೇ ದಿನ ಉಲ್ಟಾ ಮಾಡಿದೆ. ಬೆಳಿಗ್ಗೆ ಆರಕ್ಕೆ ಕಟ್ಟೆ ಮೇಲೆ ಕೂತು ಓದುವುದು, ಟಿವಿ ಊಟ ಆದ ಮೇಲೆ.

ಓದುವ ರೀತಿಯನ್ನೂ ಬದಲಾಯಿಸಿದೆ. ಒಂದೊಂದು ಪದ್ಯವನ್ನೂ ಮೂರು ಸಲ, ಬಾಯಿಬಿಟ್ಟು. ಮೊದಲ ಸಲ ಅರ್ಥದ ಚಿಂತೆಯೇ ಇಲ್ಲ, ಬರೀ ತಾಳ. ಈ ಪದ್ಯಗಳ ಛಂದಸ್ಸು ಭಾಮಿನಿ ಷಟ್ಪದಿ, ಅದು ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯಲ್ಲಿ ನಡೆಯುತ್ತದೆ. ತೊಡೆ ಮೇಲೆ ಬೆರಳು ತಟ್ಟುತ್ತಾ ಹೋದರೆ ಸಾಕು, ನಾಲಿಗೆ ತಾನೇ ದಾರಿ ಹಿಡಿಯುತ್ತದೆ. ಎರಡನೇ ಸಲ ಪದ ಬಿಡಿಸುವುದು. ಪುಸ್ತಕ ಲೈಬ್ರರಿಯದ್ದು, ಗೀರುವ ಹಾಗಿಲ್ಲ, ಅದಕ್ಕೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದೆ. ಮೂರನೇ ಸಲ ಅರ್ಥ. ಅಷ್ಟೊತ್ತಿಗೆ ಅರ್ಧ ಅರ್ಥ ಬಂದೇ ಬಿಟ್ಟಿರುತ್ತದೆ.

ಅಜ್ಜಿ ಒಳಗಿನಿಂದ ಕೇಳುತ್ತಿದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ.

ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಭಾಗ ಓದಿದ ದಿನ ಅದು ಗೊತ್ತಾಯಿತು. ‘ಇನತನೂಜನ ಕೂಡೆ ಮೈದುನತನದ ಸರಸವನೆಸಗಿ’ ಅಂತ ಶುರುವಾಗುತ್ತದೆ. ಇನ ಅಂದರೆ ಸೂರ್ಯ, ತನೂಜ ಅಂದರೆ ಮಗ. ಪಾಠದಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಮೈದುನತನದ ಸರಸ ಅಂದರೆ ಸುಮ್ನೆ ಸಲಿಗೆ ಅಂತ ಬರೆದು ಅಂಕವನ್ನೂ ತಗೊಂಡಿದ್ದೆ. ಅಜ್ಜಿ ಬಾಗಿಲಿಗೆ ಬಂದು ನಿಂತು, “ಅಲ್ಲವಾ, ಕುಂತಿ ಕೃಷ್ಣಗ ಸೋದರತ್ತಿ. ಹಂಗಾರ ಕರ್ಣ ಅತ್ತಿ ಮಗ, ಮೈದುನ ಆದ್ನಲ್ಲ!” ಅಂದಳು.

ನಾನು ಬೆರಗಾದೆ. ಗುಟ್ಟು ಇನ್ನೂ ಹೊರಬಿದ್ದಿಲ್ಲ. ಕರ್ಣನಿಗೆ ತಾನು ಯಾರೆಂದೇ ಗೊತ್ತಿಲ್ಲ. ಆದರೆ ಕವಿ ಅವನನ್ನು ಸೂರ್ಯನ ಮಗ ಅಂತ ಕರೆದಾಯಿತು, ಕೃಷ್ಣ ಮೈದುನನ ಜೊತೆ ಆಡುವ ಹಾಗೆ ಅವನ ಜೊತೆ ತಮಾಷೆ ಮಾಡಿದ್ದೂ ಆಯಿತು. ನೆಂಟಸ್ತನ ಪೂರಾ ಒಂದೇ ಸಾಲಿನಲ್ಲಿದೆ. ಇದು ಹೊಳೆಯಲು ಪುಸ್ತಕಕ್ಕಿಂತ ನಮ್ಮ ಮನೆಯ ಅತ್ತಿ ಮಾವಂದಿರ ಲೆಕ್ಕ ಗೊತ್ತಿರಬೇಕಿತ್ತು.

ಮುಂದೆ ಸತ್ಯ ಕೇಳಿದ ಕರ್ಣನ ‘ಕೊರಳ ಸೆರೆ ಹಿಗ್ಗಿದವು’. ಕಣ್ಣೀರು ಉಕ್ಕುತ್ತದೆ. ಆಗ ಅವನ ಮನಸ್ಸಿಗೆ ಬರುವುದು ರಾಜ್ಯ ಅಲ್ಲ, ತಮ್ಮಂದಿರೂ ಅಲ್ಲ. ಅಯ್ಯೋ, ದುರ್ಯೋಧನನಿಗೆ ಕೇಡಾಯಿತಲ್ಲ ಅನ್ನುವುದು. ಅಜ್ಜಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಮಧ್ಯಾಹ್ನ ಟಿವಿಯಲ್ಲಿ ಅದೇ ಭಾಗ ಬಂದಾಗ ನಾನು ನಟನ ಕುತ್ತಿಗೆಯನ್ನೇ ನೋಡುತ್ತಿದ್ದೆ. ಓದಿರದಿದ್ದರೆ ಹಾಗೆ ನೋಡುತ್ತಿರಲಿಲ್ಲ.

ಟಿವಿಯ ಮಹಾಭಾರತವೂ ನನಗೆ ಬಹಳ ಹಿಡಿಸಿತು. ರಾಹಿ ಮಾಸೂಮ್ ರಜಾ ಬರೆದ ಮಾತು, ಕಾಲವೇ ಕಥೆ ಹೇಳುವ ಹಾಗೆ ಹರೀಶ್ ಭಿಮಾನಿ ಅವರ ದನಿ. ಅಲ್ಲಿ ಕಾಲ ಹೇಳುತ್ತದೆ. ಇಲ್ಲಿ ಕುಮಾರವ್ಯಾಸ, ‘ಕವಿ ನಾನಲ್ಲ, ವೀರನಾರಾಯಣ; ನಾನು ಬರೆದುಕೊಳ್ಳುವವನು ಮಾತ್ರ’ ಅನ್ನುತ್ತಾನೆ. ಇದನ್ನು ಓದಿದ ಸಂಜೆ ವೀರನಾರಾಯಣ ಗುಡಿಗೆ ಹೋದೆ. ಅವನು ಕೂತು ಬರೆದ ಅಂತ ಹೇಳುವ ಕಂಬಕ್ಕೆ ಒರಗಿ, ಆ ಪದ್ಯವನ್ನು ಮೆಲ್ಲಗೆ ಹೇಳಿಕೊಂಡೆ. ಚಿಕ್ಕಂದಿನಿಂದ ಎಷ್ಟು ಸಲ ಆ ಕಂಬದ ಪಕ್ಕ ಹಾದುಹೋಗಿದ್ದೇನೋ!

ಎಲ್ಲಾ ದಿನವೂ ಇಪ್ಪತ್ತು ಆಗಲಿಲ್ಲ. ಯುದ್ಧದ ಭಾಗ ನನಗೆ ಕಷ್ಟವಾಯಿತು, ಆಯುಧಗಳ ಹೆಸರಲ್ಲೇ ಸಿಕ್ಕಿಕೊಳ್ಳುತ್ತಿದ್ದೆ. ತಿಂಗಳ ಕೊನೆಗೆ ಎಣಿಸಿದರೆ 430 ಪದ್ಯ. ಕಂತು ಮಾತ್ರ ಒಂದೂ ತಪ್ಪಲಿಲ್ಲ.

ಮೇ 31ರ ರಾತ್ರಿ ಟಿವಿ ಆರಿಸಿದೆ. ಮರುದಿನ ಬೆಳಿಗ್ಗೆ ನಾನು ಏಳುವ ಮುಂಚೆಯೇ ಅಜ್ಜಿ ಕಟ್ಟೆಗೆ ಚಾಪೆ ಹಾಸಿದ್ದಳು. “ಟಿವಿ ಮುಗೀತು. ಇದು ಮುಗಿದಿಲ್ಲಲ್ಲ?” ಅಂದಳು. ಬಿಟ್ಟುಹೋದ ವಿರಾಟಪರ್ವ ತೆಗೆದೆವು. ಉತ್ತರಕುಮಾರ ಹೆಂಗಸರ ಮುಂದೆ ಕೊಚ್ಚಿಕೊಳ್ಳುವ ಜಾಗಕ್ಕೆ ಬಂದಾಗ ಅಜ್ಜಿ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಇನ್ನೊಮ್ಮೆ ಓದವಾ ಅದನ್ನ,” ಅಂದಳು. ಓದಿದೆ.