ಚಿತ್ರ ನೋಡುವಾಗ ಮೊದಲು ದಿಗಂತದ ಗೆರೆ ಹುಡುಕಿ

ಹಳ್ಳಿಯ ಚಿತ್ರ ಕಂಡರೆ ಸಾಕು, ‘ಎಷ್ಟು ಪ್ರಶಾಂತ!’ ಎಂದು ಮುಂದೆ ಹೋಗುವವರೇ ಹೆಚ್ಚು. ನಾನೂ ಹಾಗೆಯೇ ಇದ್ದೆ. ಈಗ ದಿಗಂತದ ಗೆರೆ ಎಲ್ಲಿದೆ, ಬೆಳಕು ಯಾರ ಮೇಲೆ ಬಿದ್ದಿದೆ ಎಂಬ ಎರಡನ್ನು ಮೊದಲು ನೋಡುತ್ತೇನೆ. ಶೀರ್ಷಿಕೆ ಆಮೇಲೆ.

ಫ್ರಾನ್ಸಿನ ಕಲಾವಿದ ಮಿಲೆ 1857ರಲ್ಲಿ ಬರೆದ, ಹಕ್ಕಲು (ಕೊಯ್ಲಾದ ಹೊಲದಲ್ಲಿ ಉದುರಿದ ತೆನೆ) ಆಯುವ ಮೂವರು ಹೆಂಗಸರ ಚಿತ್ರ ‘ದಿ ಗ್ಲೀನರ್ಸ್’ ಅನ್ನು ಮೊಬೈಲಿನಲ್ಲಿ ತೆರೆಯಿರಿ. (ಮೂಲಚಿತ್ರ ಪ್ಯಾರಿಸ್ಸಿನ ಒರ್ಸೆ ಮ್ಯೂಸಿಯಂನಲ್ಲಿದೆ.) ಆ ಹೆಂಗಸರನ್ನು ಬೆರಳುಗಳಿಂದ ಮುಚ್ಚಿ. ಉಳಿಯುವುದು ಬರೀ ಸುಗ್ಗಿ: ಎತ್ತರದ ಬಣವೆಗಳು, ತುಂಬಿದ ಗಾಡಿ, ಹೊಂಬೆಳಕು, ಬಲಗಡೆ ದೂರದಲ್ಲಿ ಕುದುರೆಯೇರಿದ ಮೇಲ್ವಿಚಾರಕ. ಬೆರಳು ತೆಗೆಯಿರಿ. ಮುಂದಿರುವವರ ಮುಖಗಳು ನೆರಳಿನಲ್ಲಿವೆ. ಪೂರ್ತಿ ಬಾಗಿದ ಇಬ್ಬರ ಬೆನ್ನು ದಿಗಂತವನ್ನು ದಾಟುವುದೇ ಇಲ್ಲ. ನೆಲವೇ ಅವರನ್ನು ಹಿಡಿದಿಟ್ಟಂತಿದೆ. ನೀಲಿ ತಲೆವಸ್ತ್ರದವಳು ಒಂದು ಕೈಯನ್ನು ಸೊಂಟದ ಹಿಂದೆ ಇಟ್ಟುಕೊಂಡಿದ್ದಾಳೆ. ನಮ್ಮ ರಾಗಿ ಹೊಲದಲ್ಲಿ ಬಗ್ಗಿ ತೆನೆ ಆಯ್ದವರಿಗೆ ಆ ಭಂಗಿಯನ್ನು ಯಾರೂ ವಿವರಿಸಬೇಕಾಗಿಲ್ಲ.

‘ಹಳದಿ ಎಂದರೆ ಸಂತೋಷ, ನೀಲಿ ಎಂದರೆ ದುಃಖ’ ಎನ್ನುವ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಇಲ್ಲಿ ಹೊನ್ನಿನ ಬಣ್ಣವೆಲ್ಲ ಬೇರೆಯವರ ಬೆಳೆಯದು. ಇವರ ಪಾಲಿಗೆ ಬಂದದ್ದು ಉದುರಿದ ತೆನೆ. ಆಗ ಪ್ಯಾರಿಸ್ಸಿನ ಅನೇಕ ವಿಮರ್ಶಕರು ಈ ಚಿತ್ರ ಕಂಡು ಸಿಡಿಮಿಡಿಗೊಂಡಿದ್ದರು. ಬಡವರನ್ನು ಇಷ್ಟು ಗಂಭೀರವಾಗಿ, ಇಷ್ಟು ದೊಡ್ಡದಾಗಿ ಮುಂದೆ ನಿಲ್ಲಿಸಿದ್ದು ಅವರಿಗೆ ಸಹಿಸಲಾಗಲಿಲ್ಲ.

ನಿಮ್ಮ ಮನೆಯ ಕ್ಯಾಲೆಂಡರಿನ ಹಳ್ಳಿಯ ಚಿತ್ರದ ಮೇಲೂ ಹೀಗೆಯೇ ಬೆರಳಿಟ್ಟು ನೋಡಿ. ಏನು ಕಂಡಿತೆಂದು ಇಲ್ಲಿ ಬರೆಯಿರಿ.