ಎಂಟು ಹಾಕುವ ಮೊದಲು ನಿಧಾನಕ್ಕೆ ಓಡಿಸಲು ಕಲಿಯಿರಿ

ಖಾಲಿ ರಸ್ತೆಯಲ್ಲಿ ಬೈಕನ್ನು ಅರವತ್ತರಲ್ಲಿ ಓಡಿಸುವುದು ಏನೂ ಕಷ್ಟವಲ್ಲ. ನಡೆದು ಹೋಗುವವರ ಪಕ್ಕದಲ್ಲಿ, ಅವರದೇ ವೇಗದಲ್ಲಿ, ಕಾಲು ಊರದೆ ಹತ್ತು ಮಾರು ಹೋಗಿ ನೋಡಿ. ಕೈ ಪಳಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಆರ್‌ಟಿಒದಲ್ಲಿ ಡಿಎಲ್ ಟೆಸ್ಟಿಗೆ ಎಂಟು ಹಾಕಿಸುವುದೂ, ಅಂದರೆ 8ರ ಆಕಾರದಲ್ಲಿ ಬೈಕ್ ಓಡಿಸಲು ಹೇಳುವುದೂ, ಇದನ್ನು ನೋಡೋಕೇ.

ಮೊದಲು ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಿ. ಗೇರ್ ಬೈಕಿಗೆ 18 ತುಂಬಿರಬೇಕು. ಅರ್ಜಿ ಹಾಕುವುದು ಸಾರಥಿ ಜಾಲತಾಣದಲ್ಲಿ. ರಸ್ತೆ ನಿಯಮ, ಸಂಚಾರ ಚಿಹ್ನೆಗಳ ಮೇಲೆ ಸಣ್ಣ ಪರೀಕ್ಷೆ ಇರುತ್ತದೆ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಬೈಕಿನ ಹಿಂದೆ ಮುಂದೆ ಬಿಳಿ ಬಣ್ಣದ ಮೇಲೆ ಕೆಂಪು ‘ಎಲ್’ ಇರಲಿ. ಹಿಂದೆ ಗೆಳೆಯರನ್ನು ಕೂರಿಸುವಂತಿಲ್ಲ. ಡಿಎಲ್ ಇದ್ದು ಕಲಿಸುವವರು ಮಾತ್ರ ಕೂರಬಹುದು. ಹೈಸ್ಕೂಲು ಮಗನ ಕೈಗೆ ಕೀ ಕೊಡುವ ಅಪ್ಪಂದಿರಿಗೆ ಒಂದು ಮಾತು: ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ನಿಮಗೇ.

ಹೆಲ್ಮೆಟ್ ಐಎಸ್‌ಐ ಗುರುತಿನದ್ದೇ ಇರಲಿ. ಪಟ್ಟಿ ಬಿಗಿಯದಿದ್ದರೆ ಬಿದ್ದಾಗ ನೀವು ಒಂದು ಕಡೆ, ಹೆಲ್ಮೆಟ್ ಒಂದು ಕಡೆ.

ಇನ್ನು ಮೈದಾನಕ್ಕೆ ಬನ್ನಿ. ಭಾನುವಾರ ಬೆಳಗ್ಗೆ ಶಾಲೆ ಬಯಲು ಖಾಲಿ ಇರುತ್ತದೆ. ಕ್ಲಚ್ ಪೂರ್ತಿ ಹಿಡಿದು ಮೊದಲನೇ ಗೇರ್ ಹಾಕಿ. ಆಕ್ಸಿಲರೇಟರ್ ಮುಟ್ಟಬೇಡಿ. ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತಾ ಬನ್ನಿ. ಒಂದು ಕಡೆ ಇಂಜಿನ್ ಸದ್ದು ತಗ್ಗಿ, ಬೈಕ್ ಮುಂದಕ್ಕೆ ಜಗ್ಗುತ್ತದೆ. ಅದೇ ಹಾಫ್ ಕ್ಲಚ್. ಅಲ್ಲೇ ನಿಲ್ಲಿಸಿ, ಮತ್ತೆ ಹಿಡಿಯಿರಿ. ಬೆರಳಿಗೆ ಆ ಜಾಗ ನೆನಪಾಗುವ ತನಕ ಇದನ್ನೇ ಮಾಡಿ. ಬೇಜಾರಾಗುತ್ತದೆ, ಆದರೂ ಬಿಡಬೇಡಿ. ಆಮೇಲೆ ಹಿಂದಿನ ಬ್ರೇಕಿನ ಮೇಲೆ ಕಾಲು ಹಗುರವಾಗಿ ಇಟ್ಟು, ಹಾಫ್ ಕ್ಲಚ್ಚಲ್ಲೇ ಸುತ್ತು ಹೊಡೆಯಿರಿ. ಕಲ್ಲಿಟ್ಟು ಎಂಟು ಮಾಡಿಕೊಳ್ಳಿ. ಮುಂದಿನ ಚಕ್ರ ನೋಡಿದರೆ ಕಾಲು ಊರುವುದು ಗ್ಯಾರಂಟಿ. ತಿರುವಿನ ಆಚೆ ತುದಿ ನೋಡಿ. ಕಣ್ಣು ಹೋದ ಕಡೆಗೇ ಬೈಕ್ ಹೋಗುತ್ತದೆ.

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೀತೀವಿ ಅಂತ ಹೆದರಿಸುವವರು ಜಾಸ್ತಿ. ನಿಜವಾಗಿ ಬೈಕನ್ನು ನಿಲ್ಲಿಸುವುದೇ ಅದು, ಏಕೆಂದರೆ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ನೇರ ಹೋಗುವಾಗ ಎರಡೂ ಬ್ರೇಕ್ ಒಟ್ಟಿಗೆ, ಮುಂದಿನದನ್ನು ಹಿಂಡುತ್ತಾ ಹಿಡಿಯಿರಿ. ಮರಳು, ಜಲ್ಲಿ ಮೇಲೆ ಮಾತ್ರ ಮುಂದಿನದರ ಗೊಡವೆ ಬೇಡ. ನಮ್ಮ ಹಳ್ಳಿ ಕಡೆ ಸುಗ್ಗಿಯಲ್ಲಿ ರಸ್ತೆಗೇ ರಾಗಿ, ಹುರುಳಿ ಹರವಿರುತ್ತಾರಲ್ಲ, ಅಲ್ಲೂ ಅಷ್ಟೆ. ಹುರುಳಿ ಸೊಪ್ಪಿನ ಮೇಲೆ ಬ್ರೇಕ್ ಹಿಡಿದು ನಾನೊಮ್ಮೆ ಬೈಕ್ ಸಮೇತ ಜಾರಿ ಮೊಣಕೈ ತರಚಿಕೊಂಡಿದ್ದೇನೆ. ಹುರುಳಿ ಕಾಣುವ ಮೊದಲೇ ವೇಗ ಇಳಿಸಬೇಕಿತ್ತು.

ಎಲ್‌ಎಲ್‌ಆರ್ ಸಿಕ್ಕಿ 30 ದಿನ ಕಳೆದ ಮೇಲೆ ಟೆಸ್ಟಿಗೆ ದಿನ ಬುಕ್ ಮಾಡಿ. ಬೈಕಿನ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಚೀಟಿ ಜೊತೆಗಿರಲಿ. ಎಂಟು ಹಾಕುವಾಗ ಕಾಲು ಊರಿದರೆ ಕೆಲಸ ಕೆಟ್ಟಿತು. ಫೇಲಾದರೆ ವಾರ ಬಿಟ್ಟು ಮತ್ತೆ ಹೋಗಬಹುದು, ನಾಚಿಕೆ ಏನಿಲ್ಲ. 30 ವರ್ಷದೊಳಗೆ ಡಿಎಲ್ ಪಡೆದರೆ ಅದು 40 ತುಂಬುವವರೆಗೆ ನಡೆಯುತ್ತದೆ.

ನಾನು ಎಂಟನ್ನೇನೋ ಚೆನ್ನಾಗಿಯೇ ಹಾಕಿದೆ. ಟೆಸ್ಟ್ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ಸರಿ ಅಂತ ತಲೆ ಆಡಿಸಿದರು. ಖುಷಿಗೆ ಸೈಡ್ ಸ್ಟ್ಯಾಂಡ್ ಹಾಕದೆ ಇಳಿದುಬಿಟ್ಟೆ. ಮಾವನ ಬೈಕ್ ಇನ್‌ಸ್ಪೆಕ್ಟರ್ ಕಾಲ ಬುಡದಲ್ಲೇ ಮಲಗಿತು.