ಇಮ್ಯಾಕ್ಸ್ ಮಿನಿಬಫರ್: ನಾನು ಹೊಂದಿಸಿಕೊಂಡ ಬಗೆ

ಪಠ್ಯ ತಿದ್ದುವ ತಂತ್ರಾಂಶವಾದ ಇಮ್ಯಾಕ್ಸ್‌ನ ಪರದೆಯ ತಳದಲ್ಲಿ ಆದೇಶಗಳನ್ನು ಬರೆಯಲು ಇರುವ ಸಾಲು, ಅಂದರೆ ಮಿನಿಬಫರ್, ನಿಜಕ್ಕೂ ಒಂದು ಬಫರೇ (ತಿದ್ದಲು ತೆರೆದ ಪಠ್ಯವನ್ನು ಇಮ್ಯಾಕ್ಸ್ ಇರಿಸಿಕೊಳ್ಳುವ ಜಾಗ) ಆಗಿರುವುದರಿಂದ ಕಡತವನ್ನು ತಿದ್ದುವಾಗ ಬಳಸುವ ಬಹುತೇಕ ಕೀಲಿಗಳು ಅಲ್ಲಿಯೂ ನಡೆಯುತ್ತವೆ. ಅಲ್ಲಿ ಒಮ್ಮೆ ಬರೆದದ್ದನ್ನು ಮತ್ತೆ ಬರೆಯಬೇಕಾಗಬಾರದು ಎಂಬುದೇ ನನ್ನ ಸೆಟ್ಟಿಂಗ್‌ಗಳ ಹಿಂದಿರುವ ಉದ್ದೇಶ.

ಆದ್ದರಿಂದ ಇಮ್ಯಾಕ್ಸ್ ಆರಂಭವಾಗುವಾಗ ಓದುವ ಇನಿಟ್ ಕಡತದಲ್ಲಿ ಮೊದಲು ಸೇರಿಸಿದ್ದು ಸೇವ್‌ಹಿಸ್ಟ್-ಮೋಡ್. ಅದಿಲ್ಲದಿದ್ದರೆ ಇಮ್ಯಾಕ್ಸ್ ಮುಚ್ಚಿದೊಡನೆ ಮಿನಿಬಫರಿನ ಹಿಸ್ಟರಿಯೆಲ್ಲ, ಅಂದರೆ ಹಿಂದೆ ಬರೆದವುಗಳ ಪಟ್ಟಿಗಳೆಲ್ಲ, ಹೋಗುತ್ತದೆ. ಪ್ರತಿ ಪಟ್ಟಿಗೆ 100 ನಮೂದು ಎಂಬ ಮೂಲ ಮಿತಿಯನ್ನೂ 1000ಕ್ಕೆ ಏರಿಸಿದೆ. ಇಷ್ಟು ದೊಡ್ಡ ಪಟ್ಟಿಯಲ್ಲಿ ಆಲ್ಟ್-ಪಿ ಒತ್ತುತ್ತ ಒಂದೊಂದಾಗಿ ಹಿಂದೆ ಹೋಗುವುದು ಬೇಸರದ ಕೆಲಸ. ಆಲ್ಟ್-ಆರ್ ಒತ್ತಿ, ನೆನಪಿರುವ ತುಣುಕನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ (ಹುಡುಕುವ ಮಾದರಿ) ಆಗಿ ಕೊಟ್ಟರೆ ಹಳೆಯ ಆದೇಶ ನೇರವಾಗಿ ಸಿಗುತ್ತದೆ. ಇದಕ್ಕಿಂತಲೂ ಹೆಚ್ಚು ಕಡೆಗಣನೆಗೆ ಒಳಗಾಗಿರುವ ಕೀಲಿ ಆಲ್ಟ್-ಎನ್ ಎಂಬುದು ನನ್ನ ಅಭಿಪ್ರಾಯ. ಕರ್ಸರ್ ಒಂದು ಫಂಕ್ಷನ್ ಹೆಸರಿನ ಮೇಲಿರುವಾಗ ಹೊಂದುವ ಸಾಲುಗಳನ್ನೆಲ್ಲ ಪಟ್ಟಿಮಾಡುವ ಅಕರ್ ಆದೇಶವನ್ನು ಕರೆದು, ಏನನ್ನೂ ಬರೆಯದೆ ಆಲ್ಟ್-ಎನ್ ಅನ್ನು ಒಂದೆರಡು ಬಾರಿ ಒತ್ತಿದರೆ ಆ ಹೆಸರು ತಾನಾಗಿಯೇ ಬಂದು ಕೂರುತ್ತದೆ.

ಬರೆಯುತ್ತಿದ್ದಂತೆ ಅದಕ್ಕೆ ಹೊಂದುವ ಆಯ್ಕೆಗಳು ಸಾಲಿಗೊಂದರಂತೆ ಒಂದರ ಕೆಳಗೊಂದು ಕಾಣಿಸಲೆಂದು ಫಿಡೋ-ವರ್ಟಿಕಲ್-ಮೋಡ್ ಬಳಸುತ್ತೇನೆ. 28ನೇ ಆವೃತ್ತಿಯಿಂದ ಅದು ಇಮ್ಯಾಕ್ಸ್‌ನೊಳಗೇ ಇದೆ. ಅದರಲ್ಲಿ ಎಂಟರ್ ಒತ್ತಿದರೆ ಬರೆದದ್ದಲ್ಲ, ಮೊದಲ ಆಯ್ಕೆಯೇ ಸ್ವೀಕಾರವಾಗುತ್ತದೆ. ‘ವರದಿ-2’ ಎಂಬ ಕಡತವಿರುವ ಫೋಲ್ಡರಿನಲ್ಲಿ ‘ವರದಿ’ ಎಂಬ ಹೊಸ ಕಡತ ಬೇಕೆಂದರೆ ಎಂಟರ್ ಹಳೆಯದನ್ನೇ ತೆರೆಯುತ್ತದೆ. ಬರೆದ ಹೆಸರೇ ಉಳಿಯಬೇಕಾದರೆ ಆಲ್ಟ್-ಜೆ ಒತ್ತಬೇಕು. ಇದೇ ಬಗೆಯ ಕೆಲಸಕ್ಕೆ ಹೊರಗಿನಿಂದ ಇಳಿಸಿಕೊಳ್ಳುವ ವರ್ಟಿಕೊ, ಆರ್ಡರ್‌ಲೆಸ್ ಪ್ಯಾಕೇಜುಗಳನ್ನೂ ಬಳಸಿದ್ದೇನೆ. ಪದಗಳನ್ನು ಯಾವ ಕ್ರಮದಲ್ಲಾದರೂ ಬರೆದು ಹುಡುಕಲು ಬಿಡುವ ಆರ್ಡರ್‌ಲೆಸ್‌ನ ಅನುಕೂಲ ದೊಡ್ಡದೇ; ಆದರೂ ಆಗಾಗ ಹೊಸ ಯಂತ್ರದಲ್ಲಿ ಏನನ್ನೂ ಇಳಿಸಿಕೊಳ್ಳದೆ ಕೆಲಸ ಆರಂಭಿಸಬೇಕಾದ ನನಗೆ ಒಳಗಿರುವುದೇ ಸಾಕು.

ಆಲ್ಟ್ ಮತ್ತು ಕೋಲನ್ ಒತ್ತಿ ಮಿನಿಬಫರಿನಲ್ಲಿ ಇಮ್ಯಾಕ್ಸ್‌ನ ಭಾಷೆಯಾದ ಲಿಸ್ಪ್ ಬರೆಯುತ್ತಿರುವಾಗ ನಡುವೆ ಆಲ್ಟ್-ಎಕ್ಸ್ ಒತ್ತಿ ಇನ್ನೊಂದು ಆದೇಶ ಕರೆಯಬೇಕೆನಿಸಿದರೆ, ಮಿನಿಬಫರಿನಲ್ಲಿರುವಾಗ ಮತ್ತೆ ಮಿನಿಬಫರ್ ಬಳಸುವಂತಿಲ್ಲ ಎಂದು ಇಮ್ಯಾಕ್ಸ್ ತಡೆಯುತ್ತದೆ. ಎನೇಬಲ್-ರಿಕರ್ಸಿವ್-ಮಿನಿಬಫರ್ಸ್ ಎಂಬ ವೇರಿಯಬಲ್‌ಗೆ ‘ಟಿ’ (ಹೌದು ಎಂಬ) ಬೆಲೆ ಕೊಟ್ಟು ಈ ತಡೆಯನ್ನು ತೆಗೆದೆ. ಜೊತೆಗೆ ಮಿನಿಬಫರ್-ಡೆಪ್ತ್-ಇಂಡಿಕೇಟ್-ಮೋಡ್ ಇರಲೇಬೇಕು; ಎರಡನೆಯ ಹಂತದಲ್ಲಿರುವಾಗ ಅದು [2] ಎಂದು ತೋರಿಸುತ್ತದೆ, ಕಂಟ್ರೋಲ್-ಜಿ ಒತ್ತಿದರೆ ಅರ್ಧಕ್ಕೆ ಬಿಟ್ಟ ಲಿಸ್ಪ್ ಸಾಲಿಗೆ ಮರಳಬಹುದು.